ಚಂದಾ ಮುಗಿದ ಮೇಲೆ

ನಮ್ಮ ಮನೆಯೊಳಗೆ ‘ಚಂದಾ’ ಎಂಬ ಮಾತು ಬಂದದ್ದು ‘ಚಂದಮಾಮ’ನ ಕೈಹಿಡಿದುಕೊಂಡು. ವರ್ಷಕ್ಕೊಮ್ಮೆ ಅಪ್ಪ, “ಚಂದಮಾಮದ ಚಂದಾ ಮುಗೀತು, ಕಟ್ಟಬೇಕು” ಎನ್ನುತ್ತಿದ್ದರು. ಚಂದಾ ಕೇಳುವ ಮಾಮನಾದ್ದರಿಂದಲೇ ಅವನಿಗೆ ಆ ಹೆಸರು ಎಂದು ನನ್ನ ತಂಗಿ ಬಹಳ ದಿನ ನಂಬಿಕೊಂಡಿದ್ದಳು. ಅವಳನ್ನು ತಿದ್ದಲು ಯಾರಿಗೂ ಮನಸ್ಸಾಗಲಿಲ್ಲ. 1947ರ ಜುಲೈಯಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿ ಆಮೇಲೆ ಕನ್ನಡಕ್ಕೂ ಬಂದ ಆ ಮಾಸಪತ್ರಿಕೆ ಮದರಾಸಿನಿಂದ ಹೊರಟು, ರೈಲು ಇಳಿದು, ಬಸ್ಸು ಹತ್ತಿ, ಕೊನೆಗೆ ನಡೆದುಕೊಂಡು ಸಾಗರ ಸೀಮೆಯ ನಮ್ಮ ಹಳ್ಳಿಯ ಮನೆಗೆ ಬರುತ್ತಿತ್ತು. ನಡೆದುಕೊಂಡು ಬರುತ್ತಿದ್ದದ್ದು ಪೋಸ್ಟ್‌ಮ್ಯಾನ್ ಅನ್ನಿ, ಆದರೆ ನಮಗೆ ಕಾಣುತ್ತಿದ್ದದ್ದು ಅವರ ಚೀಲದಿಂದ ಇಣುಕುವ ಪತ್ರಿಕೆಯ ಸುರುಳಿ ಮಾತ್ರ.

ಮುಂದೆ ನಾನೇ ಅಂಚೆ ಇಲಾಖೆಗೆ ಸೇರಿದೆ. 1979ರಿಂದ 2016ರವರೆಗೆ ಬೇರೆ ಬೇರೆ ಊರಿನ ಅಂಚೆ ಕಚೇರಿಗಳಲ್ಲಿ ಕೌಂಟರಿನ ಹಿಂದೆ ಕೂತಿದ್ದೇನೆ. ಜನ ಏನೇನಕ್ಕೆ ಚಂದಾ ಕಟ್ಟುತ್ತಾರೆ, ಯಾವಾಗ ಬಿಡುತ್ತಾರೆ, ಬಿಟ್ಟ ಮೇಲೆ ಏನಾಗುತ್ತದೆ ಎಂಬುದನ್ನು ಅಲ್ಲಿ ಕೂತಷ್ಟು ಚೆನ್ನಾಗಿ ಬೇರೆಲ್ಲಿಂದಲೂ ನೋಡಲಾಗದು.

ಮಕ್ಕಳೇ, ಆಗ ಹಣ ಕಳಿಸಲು ಮನಿಯಾರ್ಡರ್ ಎಂಬುದೊಂದಿತ್ತು. ಒಂದು ಫಾರಂ ತುಂಬಿ, ಹಣವನ್ನು ಕೌಂಟರಿನಲ್ಲಿ ಕೊಟ್ಟರೆ ಅಷ್ಟೇ ಹಣವನ್ನು ಆ ಕಡೆಯ ಪೋಸ್ಟ್‌ಮ್ಯಾನ್ ವಿಳಾಸದಾರರ ಕೈಗೆ ಎಣಿಸುತ್ತಿದ್ದ. ಕೊನೆಕೊನೆಗೆ 20 ರೂಪಾಯಿಗೆ 1 ರೂಪಾಯಿ ಲೆಕ್ಕದಲ್ಲಿ ಇಲಾಖೆಯ ಕಮಿಷನ್ ಇತ್ತು. ಫಾರಂನ ಕೆಳತುದಿಯಲ್ಲಿ ಹರಿದುಕೊಳ್ಳುವಂಥ ಸಣ್ಣ ಕೂಪನ್ನು. ಅದರಲ್ಲಿ ನಾಲ್ಕು ಮಾತು ಬರೆಯಲು ಜಾಗ. ಪತ್ರಿಕೆಗೆ ಹಣ ಕಳಿಸುವವರು ಅಲ್ಲಿ ‘ಚಂದಾ ನಂಬರ್ ಇಂತಿಷ್ಟು, ಮುಂದಿನ ವರ್ಷಕ್ಕೆ’ ಎಂದಷ್ಟೇ ಬರೆದರೆ ಸಾಕು. ಆದರೆ ನಮ್ಮವರು ಸುಮ್ಮನಿರುತ್ತಾರೆಯೇ? ‘ಧಾರಾವಾಹಿಯಲ್ಲಿ ಆ ಹುಡುಗಿಗೆ ಅನ್ಯಾಯ ಮಾಡಬೇಡಿ’ ಎಂದು ಇರುವೆ ಸಾಲಿನಂತೆ ಪುಟ್ಟಪುಟ್ಟ ಅಕ್ಷರದಲ್ಲಿ ಬರೆಯುತ್ತಿದ್ದರು. ಸಂಪಾದಕರು ಅದನ್ನು ಓದುತ್ತಿದ್ದರೋ ಇಲ್ಲವೋ, ನಾನಂತೂ ಓದುತ್ತಿದ್ದೆ. ಫಾರಂ ಸರಿಯಾಗಿದೆಯೇ ಎಂದು ನೋಡುವುದು ನನ್ನ ಕೆಲಸವಾಗಿತ್ತಲ್ಲ.

ಚಂದಾ ಮುಗಿಯುವುದೂ ಒಂದು ಮರ್ಯಾದೆಯಲ್ಲಿ ನಡೆಯುತ್ತಿತ್ತು. ಕೊನೆಯ ಸಂಚಿಕೆಗೆ ಸುತ್ತಿದ ಕಾಗದದ ಮೇಲೆ ‘ಈ ಸಂಚಿಕೆಯೊಂದಿಗೆ ತಮ್ಮ ಚಂದಾ ಮುಗಿಯುತ್ತದೆ, ದಯವಿಟ್ಟು ನವೀಕರಿಸಿ’ ಎಂದು ಕೆಂಪು ಮೊಹರು. ಕೆಲವರು ಒಂದು ಸಂಚಿಕೆ ಹೆಚ್ಚಿಗೇ ಕಳಿಸಿ ಕಾಯುತ್ತಿದ್ದರು. ಇನ್ನು ಕೆಲವರು ವಿ.ಪಿ.ಪಿ. ಮಾಡುತ್ತಿದ್ದರು. ಪೋಸ್ಟ್‌ಮ್ಯಾನ್ ಪೊಟ್ಟಣ ತಂದು ಮನೆ ಮುಂದೆ ನಿಲ್ಲುತ್ತಾನೆ, ಹಣ ಕೊಟ್ಟರೆ ಪೊಟ್ಟಣ ಕೈಗೆ, ಇಲ್ಲದಿದ್ದರೆ 7 ದಿನ ನಮ್ಮ ಕಚೇರಿಯ ಗೂಡಿನಲ್ಲಿದ್ದು ಬಂದ ದಾರಿಗೆ ವಾಪಸ್. ಅಡಿಕೆ ಮಾರಾಟವಾಗದ ತಿಂಗಳಲ್ಲಿ ಇಂಥ ಪೊಟ್ಟಣಗಳು ಗೂಡಿನ ತುಂಬ ಇರುತ್ತಿದ್ದವು. ಆರನೆಯ ದಿನ ಸಂಜೆ, ಬಾಗಿಲು ಹಾಕುವ ಹೊತ್ತಿಗೆ, ಮಗನನ್ನು ಓಡಿಸಿ ಬಿಡಿಸಿಕೊಂಡು ಹೋದವರನ್ನು ನಾನು ಕಂಡಿದ್ದೇನೆ.

ಕಟ್ಟಲಾಗದವರ ಗತಿ? ಹೊಸದು ಬರುತ್ತಿರಲಿಲ್ಲ, ಅಷ್ಟೇ. ನಾನಿದ್ದ ಒಂದು ಊರಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಮಗಳ ಮದುವೆಯಾದ ವರ್ಷ ಅವರು ಎಲ್ಲ ಪತ್ರಿಕೆಗಳ ಚಂದಾ ನಿಲ್ಲಿಸಿದರು. ಆದರೂ ಅಭ್ಯಾಸಬಲದಿಂದ ಟಪಾಲು ಬಿಚ್ಚುವ ಹೊತ್ತಿಗೆ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. “ಈ ವರ್ಷ ಏನು ಓದ್ತೀರಿ ಮೇಷ್ಟ್ರೇ?” ಎಂದೆ. “ಹೋದ ವರ್ಷದ್ದು” ಎಂದರು. ಹಾಗೆಂದರೆ ಬರಿಯ ಮಾತಲ್ಲ. ಹನ್ನೆರಡೂ ಸಂಚಿಕೆಗಳನ್ನು ದಬ್ಬಣದಿಂದ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದು, ಮೇಲೆ ಕ್ಯಾಲೆಂಡರಿನ ದಪ್ಪ ಹಾಳೆ ಅಂಟಿಸಿ ಪುಸ್ತಕ ಮಾಡಿಟ್ಟಿದ್ದರು. ಅಂಥವು ಅವರ ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚಿದ್ದವು. ಊರಿನ ಅರ್ಧ ಮಕ್ಕಳು ಬೇಸಿಗೆ ರಜೆಯಲ್ಲಿ ಓದುತ್ತಿದ್ದದ್ದು ಅವನ್ನೇ. ಚಂದಾ ಒಬ್ಬರದು, ಓದು ಮೂವತ್ತು ಮಂದಿಯದು. ಯಾವ ಪತ್ರಿಕೆಯವರೂ ಬಂದು, ‘ನಿಮ್ಮ ಚಂದಾ ಮುಗಿದಿದೆ, ಹಳೆಯ ಸಂಚಿಕೆಗಳನ್ನು ವಾಪಸ್ ಕೊಡಿ’ ಎಂದು ಕೇಳಲಿಲ್ಲ. ಕೇಳಿದ್ದರೆ ಊರವರು ಅವರಿಗೆ ಹುಚ್ಚು ಎನ್ನುತ್ತಿದ್ದರು.

ಚಂದಮಾಮ ಈಗ ಬರುತ್ತಿಲ್ಲ. ಚಂದಾ ಮುಗಿಯುವ ಮಾತಿರಲಿ, ಪತ್ರಿಕೆಯೇ ನಿಂತುಹೋಯಿತು. ಆದರೂ ನಮ್ಮ ಅಟ್ಟದ ಮೇಲಿನ ಬೇತಾಳ ಇವತ್ತಿಗೂ ಹೆಗಲೇರಿ ಕತೆ ಹೇಳುತ್ತಾನೆ. ಇಲಿ ತಿಂದ ಪುಟಗಳಲ್ಲಿ ಸ್ವಲ್ಪ ತೊದಲುತ್ತಾನೆ, ಅಷ್ಟೇ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ‘ಆಜೀವ ಚಂದಾ’ ಎಂಬುದೊಂದಿದೆ. ಒಮ್ಮೆ ದೊಡ್ಡ ಮೊತ್ತ ಕಟ್ಟಿದರೆ ಜೀವನವಿಡೀ ಪತ್ರಿಕೆ. ಯಾರ ಜೀವನ? ನಮ್ಮಪ್ಪ ಸಣ್ಣ ಪತ್ರಿಕೆಯೊಂದಕ್ಕೆ ಹೀಗೆ ಕಟ್ಟಿದ್ದರು. ನಾಲ್ಕೇ ವರ್ಷಕ್ಕೆ ಪತ್ರಿಕೆ ಕಣ್ಣು ಮುಚ್ಚಿತು, ಅಪ್ಪ ಆಮೇಲೆ ಮೂವತ್ತೊಂದು ವರ್ಷ ಬದುಕಿದರು. “ಅದರ ಆಯುಸ್ಸೂ ನನಗೇ ಬಂತು” ಎಂದು ನಗುತ್ತಿದ್ದರು. 2005–06ರ ಸುಮಾರಿಗೆ ಮೊಬೈಲ್ ಕಂಪನಿಗಳು ‘ಲೈಫ್‌ಟೈಮ್’ ಎಂದು ಸಿಮ್ ಮಾರಿದ್ದು ಅಜ್ಜಂದಿರಿಗೆ ನೆನಪಿರಬಹುದು. ಅಲ್ಲಿಯೂ ಜೀವಮಾನವೆಂದರೆ ಕಂಪನಿಯ ಪರವಾನಗಿ ಇರುವಷ್ಟು ಕಾಲ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಿದ್ದರು. ಕೊಂಡವರ ಜೀವಮಾನದ ಮಾತು ಅದರಲ್ಲಿರಲಿಲ್ಲ.

ಈಗ ನಮ್ಮ ಅಕ್ಕನ ವಿಷಯಕ್ಕೆ ಬರುತ್ತೇನೆ. ನಾನು ಪೆನ್ನು ಹಿಡಿದದ್ದೇ ಅದಕ್ಕೆ.

ಅಕ್ಕನಿಗೆ ಎಪ್ಪತ್ತಾರು. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತು ಬೇಸತ್ತಿದ್ದಾಗ ಅವಳ ಮಗ ಫೋನಿನಲ್ಲಿ ದೇವರನಾಮದ ತರಗತಿಗೆ ಸೇರಿಸಿದ. ವರ್ಷಕ್ಕಿಷ್ಟು ಎಂದು ಸದಸ್ಯತ್ವದ ಹಣ. ಅದು ಅಕ್ಕನ ಬ್ಯಾಂಕ್ ಕಾರ್ಡಿನಿಂದ ತಾನಾಗಿಯೇ ಹೋಗುವಂತೆ ಏರ್ಪಾಡು. ವಾರಕ್ಕೊಂದು ಪಾಠ, ಕಲಿತದ್ದನ್ನು ಹಾಡಿ ಅಲ್ಲೇ ಧ್ವನಿಮುದ್ರಿಸಬೇಕು, ಟೀಚರು ಕೇಳಿ ತಿದ್ದುತ್ತಾರೆ. ಅಕ್ಕನಿಗೆ ಸಂಪ್ರದಾಯದ ಹಾಡುಗಳು ಬರುತ್ತವೆ ಎಂದು ತಿಳಿದ ಮೇಲೆ ಆ ಟೀಚರೇ, “ಅಮ್ಮಾ, ಅವನ್ನೂ ಹಾಡಿ ಇಡಿ” ಎಂದರಂತೆ. ಎಣ್ಣೆ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಹಾಸ್ಯ ಮಾಡುವ ಹಾಡು — ಇವೆಲ್ಲ ಒಬ್ಬರೇ ಹಾಡಿದರೆ ನಿಲ್ಲುವುದಿಲ್ಲ. ಒಬ್ಬರು ಸಾಲು ಎತ್ತಿಕೊಟ್ಟರೆ ಇನ್ನೊಬ್ಬರು ಹಿಡಿದುಕೊಳ್ಳಬೇಕು. ಅಕ್ಕನಿಗೆ ಐವತ್ತು ವರ್ಷದಿಂದ ಸಾಲು ಹಿಡಿದುಕೊಂಡು ಬಂದವರು ಅವಳ ಓರಗಿತ್ತಿ. ನಾವೆಲ್ಲ ಅವರನ್ನು ಸಣ್ಣಮ್ಮ ಎನ್ನುತ್ತಿದ್ದೆವು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು, ಇಬ್ಬರೂ ಒಳಜಗಲಿಯಲ್ಲಿ ಫೋನನ್ನು ಚೊಂಬಿಗೆ ಒರಗಿಸಿ ಹಾಡುತ್ತಿದ್ದರು. ಎರಡು ವರ್ಷದಲ್ಲಿ 43 ಹಾಡುಗಳಾದವು.

ಹೋದ ಶ್ರಾವಣದಲ್ಲಿ ಸಣ್ಣಮ್ಮ ತೀರಿಕೊಂಡರು. ಅಕ್ಕ ಫೋನನ್ನು ಮುಟ್ಟುವುದನ್ನೇ ಬಿಟ್ಟಳು. ಅದೇ ಹೊತ್ತಿಗೆ ಬ್ಯಾಂಕಿನವರು ಹಳೆಯ ಕಾರ್ಡಿನ ಅವಧಿ ಮುಗಿಯಿತೆಂದು ಹೊಸತು ಕಳಿಸಿದ್ದರು. ಹೊಸ ಕಾರ್ಡಿಗೆ ಹೊಸ ನಂಬರು, ತರಗತಿಯವರ ಹತ್ತಿರ ಇದ್ದದ್ದು ಹಳೆಯದು. ದೀಪಾವಳಿಯ ಹೊತ್ತಿಗೆ ಹಣ ಹೋಗಬೇಕಿತ್ತು, ಹೋಗಲಿಲ್ಲ. ಸಂದೇಶಗಳು ಬಂದವು, ನೋಡುವವರಿರಲಿಲ್ಲ.

ಸಂಕ್ರಾಂತಿಯ ದಿನ ನಾನೂ ಎಂಟನೇ ತರಗತಿಯ ಮೊಮ್ಮಗಳು ಪುಟ್ಟಿಯೂ ಎಳ್ಳು ಕೊಡಲು ಹೋಗಿದ್ದೆವು. ಅಕ್ಕ ಕಣ್ಣೊರೆಸಿಕೊಂಡು, “ನಿನ್ನೆ ಅವಳ ದನಿ ಕೇಳಬೇಕು ಅನ್ನಿಸ್ತು ಕಣೋ ತಮ್ಮ. ತೆಗೆದು ನೋಡಿದರೆ ಬೀಗ ಹಾಕಿದ್ದಾರೆ” ಎಂದಳು. ನೋಡಿದೆ. 43 ಹಾಡುಗಳ ಹೆಸರೂ ಸಾಲಾಗಿ ಕಾಣುತ್ತಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಪುಟ್ಟ ಬೀಗದ ಚಿತ್ರ. ಮುಟ್ಟಿದರೆ ‘ಸದಸ್ಯತ್ವ ನವೀಕರಿಸಿ’ ಎಂದು ಬರುತ್ತಿತ್ತು.

“ನನ್ನ ಹಾಡು ಕೇಳೋದಕ್ಕೆ ನಾನೇ ದುಡ್ಡು ಕೊಡಬೇಕೇನೋ?”

ನನ್ನ ಅಂಚೆ ಬುದ್ಧಿ ಇದಕ್ಕೆ ತಕ್ಷಣ ಉತ್ತರ ಕೊಡಲಿಲ್ಲ. ಪುಟ್ಟಿ ಅಷ್ಟರಲ್ಲಿ ತರಗತಿಯವರ ನಿಯಮಗಳನ್ನು ಹುಡುಕಿ, ಇಂಗ್ಲಿಷಿನಲ್ಲಿದ್ದದ್ದನ್ನು ಓದಿ ಕನ್ನಡದಲ್ಲಿ ಹೇಳತೊಡಗಿದ್ದಳು. ಹನ್ನೊಂದು ಪುಟ. ಒಂಬತ್ತನೆಯ ಪುಟದಲ್ಲಿ ವಿಷಯ ಸಿಕ್ಕಿತು: ಸದಸ್ಯತ್ವ ಮುಗಿದ 90 ದಿನಗಳ ಮೇಲೆ ಸದಸ್ಯರ ಧ್ವನಿಮುದ್ರಣಗಳನ್ನು ಅಳಿಸಲಾಗುವುದು. ಪುಟ್ಟಿ ಬೆರಳು ಮಡಿಸಿ ಎಣಿಸಿದಳು. 79 ದಿನ ಆಗಿತ್ತು. ಉಳಿದದ್ದು 11.

ನ್ಯಾಯವಾಗಿ ಹೇಳುವುದಾದರೆ, ತರಗತಿ ನಡೆಸುವವರಿಗೂ ಖರ್ಚಿದೆ. ಸಾವಿರಾರು ಜನರ ಹಾಡನ್ನು ಇಟ್ಟುಕೊಳ್ಳಲು ಎಲ್ಲೋ ಒಂದು ಕಡೆ ಯಂತ್ರಗಳು ಹಗಲುರಾತ್ರಿ ಓಡುತ್ತಿರಬೇಕು, ಅದಕ್ಕೆ ಕರೆಂಟು ಬೇಕು, ಬಾಡಿಗೆ ಬೇಕು. ಹಣ ಕೊಡದವರಿಗೆ ಹೊಸ ಪಾಠ ಇಲ್ಲ ಎಂದರೆ ಒಪ್ಪುತ್ತೇನೆ. ಪತ್ರಿಕೆಯವರೂ ಹಾಗೇ ಮಾಡುತ್ತಿದ್ದರು. ಆದರೆ ಇಲ್ಲಿ ಮುಗಿದದ್ದು ಬರಬೇಕಾದದ್ದು ಮಾತ್ರವಲ್ಲ, ಬಂದದ್ದೂ ಹೋಯಿತು. ಅದಕ್ಕಿಂತ ಹೆಚ್ಚಾಗಿ, ನಾವು ಕೊಟ್ಟದ್ದೂ ಅವರ ಬಾಗಿಲಿನೊಳಗೇ ಉಳಿಯಿತು. ಮೇಷ್ಟ್ರು ಚಂದಾ ನಿಲ್ಲಿಸಿದ ದಿನ ಯಾರಾದರೂ ಬಂದು ಅವರ ಮನೆಯ ಕಪಾಟಿಗೆ ಬೀಗ ಜಡಿದು, ಒಳಗೆ ಅವರದೇ ದಿನಚರಿ ಪುಸ್ತಕವೂ ಇದ್ದಿದ್ದರೆ ಹೇಗಿರುತ್ತಿತ್ತೋ, ಹಾಗೆ.

“ಅಜ್ಜಾ, ಫೋನಲ್ಲಿ ಪುಸ್ತಕ ಕೊಂಡರೆ ಅದೂ ಹೀಗೇ ಹೋಗತ್ತಾ?” ಎಂದಳು ಪುಟ್ಟಿ. ಹೋದದ್ದಿದೆ. 2009ರ ಜುಲೈಯಲ್ಲಿ ಅಮೆಜಾನ್ ಕಂಪನಿ ಅಮೆರಿಕದಲ್ಲಿ ಓದುಗರ ‘ಕಿಂಡಲ್’ ಯಂತ್ರಗಳಿಂದ ಎರಡು ಪುಸ್ತಕಗಳನ್ನು ಅವರಿಗೆ ಹೇಳದೆ ಕೇಳದೆ ಅಳಿಸಿಹಾಕಿತು. ಮಾರಿದವರಿಗೆ ಆ ಪುಸ್ತಕಗಳ ಹಕ್ಕೇ ಇರಲಿಲ್ಲವಂತೆ. ಹಣವನ್ನೇನೋ ವಾಪಸ್ ಕೊಟ್ಟರು. ಎರಡೂ ಜಾರ್ಜ್ ಆರ್ವೆಲ್ ಬರೆದವು: ‘1984’ ಮತ್ತು ‘ಅನಿಮಲ್ ಫಾರ್ಮ್’. ಈ ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. ಬರೆದ ಮಾತುಗಳನ್ನು ಸರ್ಕಾರ ಬೇಕಾದಾಗ ಅಳಿಸಿಹಾಕುವ ಒಂದು ದೇಶದ ಕತೆಯೇ ‘1984’. ಅಂಥ ಪುಸ್ತಕವನ್ನೇ ಅಳಿಸಿದರಲ್ಲ ಎಂದು ಜಗತ್ತೆಲ್ಲ ಆಗ ನಕ್ಕಿತು. ನಗಲಾಗದಿದ್ದವನು ಒಬ್ಬ ಹೈಸ್ಕೂಲು ಹುಡುಗ. ಶಾಲೆಯ ಕೆಲಸಕ್ಕಾಗಿ ಪುಟಪುಟಕ್ಕೂ ಟಿಪ್ಪಣಿ ಬರೆದುಕೊಂಡಿದ್ದ. ಟಿಪ್ಪಣಿ ಉಳಿಯಿತು, ಪುಟಗಳು ಹೋದವು. ‘ಇಲ್ಲಿ ನೋಡು’ ಎಂದು ಬರೆದಿದ್ದರೆ ಎಲ್ಲಿ ನೋಡುವುದು? ಅವನು ಕೋರ್ಟಿಗೇ ಹೋದ. ಕಂಪನಿಯ ಮುಖ್ಯಸ್ಥರು ಸಾರ್ವಜನಿಕವಾಗಿ ಕ್ಷಮೆ ಕೇಳಿದರು.

ಹತ್ತು ವರ್ಷದ ಮೇಲೆ ಮೈಕ್ರೋಸಾಫ್ಟ್ ಕಂಪನಿ ತನ್ನ ಇ–ಪುಸ್ತಕದ ಅಂಗಡಿಯನ್ನೇ ಮುಚ್ಚಿತು. 2019ರ ಜುಲೈಯಿಂದ ಅಲ್ಲಿ ಕೊಂಡಿದ್ದ ಪುಸ್ತಕಗಳು ಯಾರಿಗೂ ತೆರೆಯಲಿಲ್ಲ. ಅವರೂ ಪೂರ್ತಿ ಹಣ ಮರಳಿಸಿದರು. ಜೊತೆಗೆ, ಪುಸ್ತಕದಲ್ಲಿ ತಮ್ಮದೇ ಗುರುತು, ಟಿಪ್ಪಣಿ ಹಾಕಿಕೊಂಡಿದ್ದವರಿಗೆ 25 ಡಾಲರ್ ಹೆಚ್ಚಿಗೆ ಕೊಟ್ಟರು. ಕಂಪನಿ ಅಷ್ಟಾದರೂ ಒಪ್ಪಿಕೊಂಡಿತಲ್ಲ ಎಂದು ನನಗೆ ಅದು ಇಷ್ಟವಾಯಿತು. ಪುಸ್ತಕ ಅಂಗಡಿಯದಿರಬಹುದು, ಅಂಚಿನಲ್ಲಿ ಬರೆದದ್ದು ಓದಿದವನದು.

ನಮ್ಮ ದೇಶದಲ್ಲೂ ಕೆಲವು ನಿಯಮಗಳಿವೆ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಕಟ್ಟಳೆಯಂತೆ, ಕಾರ್ಡಿನಿಂದ ಹೀಗೆ ತಾನಾಗಿ ಹಣ ಹೋಗುವ ಮುನ್ನ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು. ಅಜ್ಜ ಅಜ್ಜಿಯರೇ, ಆ ಸಂದೇಶ ಬಂದರೆ ಜಾಹೀರಾತೆಂದು ತಳ್ಳಬೇಡಿ, ಮೊಮ್ಮಕ್ಕಳಿಂದ ಓದಿಸಿ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂತರಜಾಲದ ವ್ಯಾಪಾರದಲ್ಲಿ ನಡೆಯುವ 13 ಬಗೆಯ ಕಣ್ಕಟ್ಟುಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಅದರಲ್ಲೊಂದು ಚಂದಾ ಬಲೆ, ಅಂದರೆ ಸೇರುವುದು ಸಲೀಸು, ಬಿಡುವ ಬಾಗಿಲು ಮಾತ್ರ ಸಿಗದ ಹಾಗೆ ಮಾಡುವುದು. ಒಳ್ಳೆಯ ಕೆಲಸವೇ. ಅಕ್ಕನ ತೊಡಕು ಮಾತ್ರ ಅದರ ತಿರುಗುಮುರುಗು. ಅವಳು ಹೊರಗಿದ್ದಳು, ಅವಳ ಹಾಡು ಒಳಗಿತ್ತು.

ಹಣ ನಾನು ಕಟ್ಟುತ್ತೇನೆ ಎಂದೆ. ವರ್ಷದ ಚಂದಾ ಬಿಟ್ಟರೆ ತಿಂಗಳ ಲೆಕ್ಕ ಅಲ್ಲಿರಲಿಲ್ಲ. ಅಕ್ಕ ಒಪ್ಪಲಿಲ್ಲ. “ದುಡ್ಡಿನ ಮಾತಲ್ಲ ಕಣೋ. ಒಂದು ವರ್ಷ ಕಟ್ಟು, ಮುಂದಿನ ವರ್ಷ ಮತ್ತೆ ಇದೇ ಬೀಗ. ನಾನು ಸತ್ತ ಮೇಲೆ ಯಾರು ಕಟ್ಟುತ್ತಾರೆ?” ಅವಳ ಮಾತಿನಲ್ಲಿ ತೆಗೆದುಹಾಕುವಂಥದ್ದು ಏನೂ ಇರಲಿಲ್ಲ.

ಕೊನೆಗೆ ನನಗೆ ಗೊತ್ತಿದ್ದ ವಿದ್ಯೆಯನ್ನೇ ಹಿಡಿದೆ. ಅರ್ಜಿ ಬರೆಯುವುದು. ‘ವಿಷಯ’, ‘ಉಲ್ಲೇಖ’ ಎಲ್ಲ ಹಾಕಿ, ಸದಸ್ಯತ್ವದ ಸಂಖ್ಯೆ ನಮೂದಿಸಿ, ಹಾಡಿದವರಲ್ಲಿ ಒಬ್ಬರು ಈಗಿಲ್ಲ, ಮತ್ತೊಬ್ಬರಿಗೆ ಅವರ ದನಿ ಬೇಕಾಗಿದೆ, ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡಿ ಎಂದು ಕನ್ನಡದಲ್ಲೇ ಹೇಳಿ ಬರೆಸಿದೆ. ಪುಟ್ಟಿ ಟೈಪ್ ಮಾಡಿದಳು. ‘ತಮ್ಮ ವಿಧೇಯ’ ಎಂಬುದನ್ನು ಈಗ ಯಾರೂ ಬರೆಯುವುದಿಲ್ಲ ಎಂದು ತೆಗೆಯಲು ಹೋದಳು, ನಾನು ಬಿಡಲಿಲ್ಲ.

ಮೂರನೆಯ ದಿನ ಉತ್ತರ ಬಂತು. ಕನ್ನಡದಲ್ಲೇ ಬಂತು. 7 ದಿನ ಬೀಗ ತೆಗೆದಿರುತ್ತೇವೆ, ಹಣ ಬೇಡ, ಆದರೆ ಹಾಡುಗಳನ್ನು ಹೊರಗೆ ಇಳಿಸಿಕೊಡುವ ಸೌಕರ್ಯ ನಮ್ಮಲ್ಲಿಲ್ಲ ಎಂದಿದ್ದರು. ಆ ಕಡೆ ಕೂತವರು ಯಾರೋ, ಅವರಿಗೂ ಒಬ್ಬ ಅಜ್ಜಿ ಇದ್ದಿರಬೇಕು.

ಹೊರಗೆ ಇಳಿಸಲಾಗದಿದ್ದರೆ ಏನಂತೆ, ಒಂದು ಫೋನ್ ಹಾಡಲಿ, ಇನ್ನೊಂದು ಫೋನ್ ಕೇಳಿಸಿಕೊಳ್ಳಲಿ ಎಂದಳು ಪುಟ್ಟಿ. ಶನಿವಾರ, ಭಾನುವಾರ ಎರಡೂ ದಿನ ಅಕ್ಕನ ಮನೆಯ ಕೋಣೆಯಲ್ಲಿ ಕೂತೆವು. ಫ್ಯಾನ್ ಆರಿಸಿ, ಕಿಟಕಿಗೆ ಕಂಬಳಿ ಹೊದಿಸಿ, ಅಡುಗೆಮನೆಯಲ್ಲಿ ಯಾರೂ ಕುಕ್ಕರ್ ಇಡಬಾರದೆಂದು ಅಪ್ಪಣೆ ಮಾಡಿ. ಆದರೂ ಒಂದು ಆರತಿ ಹಾಡಿನ ನಡುವೆ ಕಾಗೆ ಸೇರಿಕೊಂಡಿದೆ. ಬೀಗರ ಹಾಡಿನಲ್ಲಿ ನನ್ನ ನಗುವೂ ಇದೆ, ಆ ಹಾಡು ಕೇಳಿ ನಗದವರು ಕಲ್ಲು. ಮುಗಿದಂತೆಲ್ಲ ಪುಟ್ಟಿ ಒಂದೊಂದಕ್ಕೂ ಹೆಸರು, ಯಾರು ಎತ್ತಿಕೊಟ್ಟದ್ದು, ಯಾರು ಹಿಡಿದದ್ದು ಎಂದು ನೋಟ್‌ಬುಕ್ಕಿನಲ್ಲಿ ಬರೆದಳು. ಮೂರು ಪೆನ್‌ಡ್ರೈವ್‌ಗಳಿಗೆ ಪ್ರತಿ ಮಾಡಿ ಒಂದು ಅಕ್ಕನ ಮಗನಿಗೆ, ಒಂದು ಸಣ್ಣಮ್ಮನ ಮಗಳಿಗೆ, ಇನ್ನೊಂದನ್ನು ನಮ್ಮ ಅಟ್ಟದ ಚಂದಮಾಮದ ಪೆಟ್ಟಿಗೆಯಲ್ಲಿ, ಇಲಿ ಹೊಗದ ಡಬ್ಬಿಯೊಳಗೆ ಇಟ್ಟೆವು.

ಮುದ್ರಿಸುವಾಗ ಒಂದು ತೊಂದರೆಯಾಯಿತು. ಪ್ರತಿ ಹಾಡಿನ ಕೊನೆಯಲ್ಲೂ, ಫೋನು ಆರಿಸುವ ಮೊದಲು, ಸಣ್ಣಮ್ಮ ಮೆಲ್ಲಗೆ “ಬಂತೇನೇ?” ಎಂದು ಕೇಳುತ್ತಿದ್ದರು. ಸರಿಯಾಗಿ ದಾಖಲಾಯಿತೇ ಎಂದು. ಸದ್ದು ಮಾಡಬೇಡ ಎಂದು ನಾವು ಎಷ್ಟು ಹೇಳಿದರೂ ಅಕ್ಕ ಪ್ರತಿ ಸಲವೂ “ಬಂತು ಕಣೇ” ಎಂದುಬಿಡುತ್ತಿದ್ದಳು. ಎರಡು ಮೂರು ಸಲ ಅಳಿಸಿ ಮತ್ತೆ ಮುದ್ರಿಸಿದೆವು. ಆಮೇಲೆ ಪುಟ್ಟಿಯೇ, “ಇರಲಿ ಬಿಡಜ್ಜ” ಎಂದಳು. ಈಗ ಎಲ್ಲ ಹಾಡುಗಳಲ್ಲೂ ಅದು ಇದೆ.